ಬಡ್ಡಿಯೂ ಭೂಮಿಯೂ: ಜಾನ್ ವುಲ್ಮನ್ನನ ಬರಹಗಳ ಒಂದು ವಿವೇಚನೆ

೧

ಕ್ವೇಕರರೆಂದು ಲೋಕವು ಕರೆಯುವ ಮಿತ್ರ ಸಮಾಜವು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (೧೬೨೪–೧೬೯೧) ಎಂಬಾತನ ಬೋಧನೆಯಿಂದ ಹುಟ್ಟಿದ ಪಂಥ. ಮೂಲಸಂಪ್ರದಾಯವನ್ನು ಉಳಿಸಿಕೊಂಡಿರುವ ಅದರ ಸಭೆಗಳಲ್ಲಿ ಪುರೋಹಿತನಿಲ್ಲ, ಪೂಜಾವಿಧಿಯಿಲ್ಲ, ಒಪ್ಪಿ ಸಹಿ ಹಾಕಬೇಕಾದ ಮತಸೂತ್ರವೂ ಇಲ್ಲ. ಸದಸ್ಯರು ಒಟ್ಟುಗೂಡಿ ಮೌನವಾಗಿ ಕುಳಿತಿರುತ್ತಾರೆ; ಯಾರಿಗಾದರೂ ಅಂತಃಪ್ರೇರಣೆಯಾದರೆ ಎದ್ದು ನಾಲ್ಕು ಮಾತು ಆಡುತ್ತಾರೆ; ಆಗದಿದ್ದರೆ ಮೌನದಲ್ಲಿಯೇ ಸಭೆ ಮುಗಿಯುತ್ತದೆ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಒಂದು ಒಳಬೆಳಕು ಉಂಟೆಂದೂ, ಅದರ ಮುಂದೆ ತಾಳ್ಮೆಯಿಂದ ಕಾದಿದ್ದರೆ ದಾರಿ ತೋರುವುದೆಂದೂ ಅವರ ನಂಬಿಕೆ. ಹಾಗೆ ತೋರಿದ ದಾರಿಯನ್ನು ಬಾಳಿನಲ್ಲಿ ನಡೆದು ತೋರಿಸುವುದಕ್ಕೆ ಅವರು ‘ಸಾಕ್ಷ್ಯ’ ಎಂದು ಹೆಸರಿಟ್ಟಿದ್ದಾರೆ. ಸತ್ಯ, ಸರಳತೆ, ಸಮಾನತೆ, ಶಾಂತಿ ಎಂಬವು ಅವರ ಬಹುಕಾಲದ ಸಾಕ್ಷ್ಯಗಳು.

ಈಚಿನ ದಶಕಗಳಲ್ಲಿ ಈ ಪಟ್ಟಿಗೆ ಭೂಮಿಯ ಪಾಲನೆಯೂ ಸೇರಿದೆ. ಬ್ರಿಟನ್ನಿನ ಕ್ವೇಕರರು ೨೦೧೧ರಲ್ಲಿ ಕ್ಯಾಂಟರ್ಬರಿಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ, ಇಂಗಾಲವನ್ನು ಕಡಿಮೆ ಬಳಸುವ ಸಮುದಾಯವಾಗಿ ತಾವು ಮಾರ್ಪಡಬೇಕೆಂದು ನಿರ್ಣಯ ಕೈಗೊಂಡರು. ಮರುವರ್ಷ, ೨೦೧೨ರಲ್ಲಿ, ಕೀನ್ಯಾದ ಕಬರಾಕ್‌ನಲ್ಲಿ ನಡೆದ ಕ್ವೇಕರರ ವಿಶ್ವಸಮ್ಮೇಳನವು ಶಾಂತಿಯನ್ನೂ ಪ್ರಕೃತಿಗೆ ಸಲ್ಲಬೇಕಾದ ನ್ಯಾಯವನ್ನೂ ಒಂದೇ ಕರೆಯಲ್ಲಿ ಸೇರಿಸಿ ಘೋಷಿಸಿತು. ಇಂಥ ಬರಹಗಳಲ್ಲೆಲ್ಲ ಪೂರ್ವಜನೆಂದು ಸ್ಮರಿಸಲ್ಪಡುವ ಹೆಸರುಗಳಲ್ಲಿ ಮುಖ್ಯವಾದುದು ಜಾನ್ ವುಲ್ಮನ್ (೧೭೨೦–೧೭೭೨). ಭೂಮಿಯನ್ನು ಈಗಿನ ವೈಭವಕ್ಕಾಗಿ ಬಡವಾಗಿಸುವುದು ಮುಂಬರುವ ತಲೆಮಾರಿಗೆ ಮಾಡುವ ಅನ್ಯಾಯವೆಂಬ ಆತನ ವಿಚಾರವು ಪದೇ ಪದೇ ಉಲ್ಲೇಖಗೊಳ್ಳುತ್ತದೆ.

ಈ ಸ್ಮರಣೆ ಯುಕ್ತವೇ ಎಂಬುದು ಪ್ರಕೃತ ಲೇಖನದ ಪ್ರಶ್ನೆ. ಯುಕ್ತವೆಂಬುದೇ ನನ್ನ ಉತ್ತರವಾದರೂ, ಸಾಮಾನ್ಯವಾಗಿ ಹೇಳಲಾಗುವ ಕಾರಣಕ್ಕಾಗಿ ಅಲ್ಲ. ವುಲ್ಮನ್ನನನ್ನು ಪ್ರಕೃತಿಪ್ರೇಮಿಯಾದ ಸಂತನೆಂದು ಓದಿದರೆ ಆತನ ಬರಹದ ಅರ್ಧ ಬಲವು ಕಳೆದುಹೋಗುತ್ತದೆ. ಆತನು ಮಣ್ಣಿನ ಸವೆತವನ್ನು ಕಂಡದ್ದು ಹೊಲದ ಬದುವಿನ ಮೇಲೆ ನಿಂತಲ್ಲ. ಅಂಗಡಿಯ ಸಾಲದ ಪುಸ್ತಕದ ಮುಂದೆ ಕುಳಿತು. ಈ ಮಾತನ್ನು ಆತನ ಬರಹಗಳಿಂದಲೇ ನಿರೂಪಿಸಲು ಯತ್ನಿಸುತ್ತೇನೆ.

೨

ವುಲ್ಮನ್ ಅಮೆರಿಕದ ನ್ಯೂ ಜೆರ್ಸಿ ಪ್ರಾಂತದ ರಾಂಕೋಕಸ್ ಎಂಬಲ್ಲಿ ಒಂದು ಕ್ವೇಕರ್ ಒಕ್ಕಲುಮನೆತನದಲ್ಲಿ ಹುಟ್ಟಿದನು. ಹರೆಯದಲ್ಲಿ ಮೌಂಟ್ ಹಾಲಿಗೆ ಬಂದು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ, ಮುಂದೆ ತಾನೇ ವ್ಯಾಪಾರಿಯಾದನು; ಹೊಲಿಗೆಯನ್ನು ಕಲಿತನು; ನೆರೆಹೊರೆಯವರಿಗೆ ಕ್ರಯಪತ್ರ, ಮರಣಶಾಸನಗಳನ್ನು ಬರೆದುಕೊಡುತ್ತಿದ್ದನು. ಮೂವತ್ತಾರನೆಯ ವಯಸ್ಸಿನಲ್ಲಿ ಆತನು ಬರೆಯತೊಡಗಿದ ಆತ್ಮವೃತ್ತವೇ ‘ಜರ್ನಲ್’. ಆತನ ಮರಣಾನಂತರ, ೧೭೭೪ರಲ್ಲಿ, ಫಿಲಡೆಲ್ಫಿಯಾದಲ್ಲಿ ಅದು ಮೊದಲ ಬಾರಿಗೆ ಅಚ್ಚಾಯಿತು. ಚಾರ್ಲ್ಸ್ ಲ್ಯಾಂಬ್ ತನ್ನ ಎಲಿಯಾ ಪ್ರಬಂಧವೊಂದರಲ್ಲಿ ಈತನ ಬರಹಗಳನ್ನು ಬಾಯಿಪಾಠ ಮಾಡಿರೆಂದು ವಾಚಕರಿಗೆ ಬುದ್ಧಿ ಹೇಳಿರುವನು. ಕವಿ ವಿಟ್ಟಿಯರ್ ೧೮೭೧ರಲ್ಲಿ ಈ ಗ್ರಂಥಕ್ಕೆ ಹೊಸ ಆವೃತ್ತಿಯನ್ನು ಸಿದ್ಧಪಡಿಸಿದನು. ಫಿಲಿಪ್ಸ್ ಮೌಲ್ಟನ್ ಹಸ್ತಪ್ರತಿಗಳನ್ನು ಹೋಲಿಸಿ ೧೯೭೧ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯೇ ವಿದ್ವಾಂಸರಿಗೆ ಆಧಾರ.

ಗ್ರಂಥವನ್ನು ಕೈಗೆತ್ತಿಕೊಂಡವನಿಗೆ ಮೊದಲು ಕಣ್ಣಿಗೆ ಬೀಳುವುದು ಅದರಲ್ಲಿ ಇಲ್ಲದಿರುವ ಒಂದು ವಿಷಯ. ಅದರಲ್ಲಿ ನಿಸರ್ಗವರ್ಣನೆ ತೀರ ವಿರಳ. ಸಾವಿರಾರು ಮೈಲಿ ಕಾಡುದಾರಿಗಳಲ್ಲಿ ಸಂಚರಿಸಿದ ಈ ಮನುಷ್ಯನು ಒಂದು ಸೂರ್ಯಾಸ್ತಮಾನವನ್ನೂ ನಮಗಾಗಿ ಚಿತ್ರಿಸುವುದಿಲ್ಲ. ಆತನ ಸಮಕಾಲೀನನೂ ಪೆನ್ಸಿಲ್ವೇನಿಯಾದವನೂ ಆದ ಜಾನ್ ಬಾರ್ಟ್ರಮ್ (೧೬೯೯–೧೭೭೭) ಗಿಡಮೂಲಿಕೆಗಳನ್ನು ಹುಡುಕುತ್ತ ಅದೇ ಕಾಡುಗಳಲ್ಲಿ ಅಲೆದವನು. ಆತನ ಮಗ ವಿಲಿಯಂ ೧೭೯೧ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ದಕ್ಷಿಣ ಅಮೆರಿಕನ್ ಸಂಸ್ಥಾನಗಳ ಹೂವು, ಹಕ್ಕಿ, ಮೊಸಳೆಗಳೆಲ್ಲ ಕಣ್ಣಿಗೆ ಕಟ್ಟುವಂತೆ ಬಂದಿವೆ. ಆ ಸಮೃದ್ಧಿ ವುಲ್ಮನ್ನನಲ್ಲಿ ಇಲ್ಲ. ೧೭೬೩ರಲ್ಲಿ ಸಸ್ಕ್ವೆಹಾನಾ ನದಿಯ ಕಡೆಗೆ ಮೂಲನಿವಾಸಿಗಳನ್ನು ಕಾಣಲು ಹೋದಾಗ ಒಂದು ರಾತ್ರಿ ಡೇರೆಯ ಬಳಿ ತೊಗಟೆ ಸುಲಿದ ದೊಡ್ಡ ಮರಗಳ ಮೈಮೇಲೆ ಯುದ್ಧಕ್ಕೆ ಹೋಗುವ, ಯುದ್ಧದಿಂದ ಹಿಂತಿರುಗುವ ಜನರ ಚಿತ್ರಗಳನ್ನು ಬರೆದಿದ್ದುದನ್ನು ಆತನು ಕಂಡನು. ಮರವನ್ನು ಕುರಿತು ಆತನಿಗೆ ಹೇಳುವುದಕ್ಕೆ ಏನೂ ಇಲ್ಲ. ಚಿತ್ರವನ್ನು ಕಂಡು, ಯುದ್ಧಗಳಿಂದ ಮನುಷ್ಯರು ಪಡುವ ಪಾಡನ್ನು ಚಿಂತಿಸುತ್ತ ಕುಳಿತನು.

ಹಾಗೆಂದರೆ ಜೀವರಾಶಿಯ ಬಗ್ಗೆ ಆತನು ನಿರ್ಲಕ್ಷನೆಂದಲ್ಲ. ಗ್ರಂಥದ ಪ್ರಾರಂಭದಲ್ಲಿಯೇ ಬರುವ ಬಾಲ್ಯದ ಪ್ರಸಂಗವೊಂದು ಸುಪ್ರಸಿದ್ಧ. ಗೂಡಿನಲ್ಲಿ ಮರಿಗಳಿದ್ದ ರಾಬಿನ್ ಹಕ್ಕಿಯೊಂದು ಹುಡುಗನನ್ನು ಕಂಡು ಗಾಬರಿಯಿಂದ ಹಾರಾಡುತ್ತಿರಲು, ಆತನು ಆಟವೆಂದು ಕಲ್ಲೆಸೆದು ಅದನ್ನು ಕೊಂದನು. ಕೊಂದ ಕ್ಷಣದ ಸಂತೋಷವು ಅಳಿದು, ತಾಯಿಯಿಲ್ಲದ ಮರಿಗಳು ಹಸಿವಿನಿಂದ ನರಳಿ ಸಾಯುವುವೆಂಬ ಯೋಚನೆ ಬಂದಿತು. ಮರವನ್ನೇರಿ ಆ ಮರಿಗಳನ್ನೂ ಕೊಂದುಹಾಕಿದನು. ಈ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಹುಡುಗನ ಪಶ್ಚಾತ್ತಾಪದಲ್ಲಿ ನಿಂತುಬಿಡುವರು. ನನಗೆ ಮುಖ್ಯವೆಂದು ತೋರುವುದು ಆಮೇಲಿನ ಭಾಗ. ಒಂದು ಕಲ್ಲಿನ ಪೆಟ್ಟು ಹಕ್ಕಿಯೊಂದರಲ್ಲಿ ಮುಗಿಯಲಿಲ್ಲ. ಅದರ ಪರಿಣಾಮವು ಗೂಡಿನವರೆಗೆ ಹೋಯಿತು. ಅಲ್ಲಿಯ ಪರಿಣಾಮಕ್ಕೂ ಕಲ್ಲೆಸೆದವನೇ ಹೊಣೆ. ಆ ಹೊಣೆಯನ್ನು ತೀರಿಸಹೋಗಿ ಆತನ ಕೈಯೇ ಇನ್ನಷ್ಟು ಕ್ರೂರವಾಯಿತು. ಮುಂದೆ ವುಲ್ಮನ್ ಬರೆದುದೆಲ್ಲ ಈ ಕಲ್ಲಿನ ದಾರಿಯನ್ನು ಹಿಂಬಾಲಿಸುವ ಪ್ರಯತ್ನವೆನ್ನಬಹುದು.

ಎರಡನೆಯ ಪ್ರಸಂಗ ಆತನ ಇಪ್ಪತ್ತರ ಹರೆಯದ್ದು. ಆತನ ಯಜಮಾನನು ತನ್ನಲ್ಲಿದ್ದ ನೀಗ್ರೋ ದಾಸಿಯೊಬ್ಬಳನ್ನು ಮಾರಿ, ಕ್ರಯಪತ್ರವನ್ನು ಬರೆಯೆಂದು ಈತನಿಗೆ ಹೇಳಿದನು. ಕೊಳ್ಳುವವನು ಕಾದು ನಿಂತಿದ್ದನು. ಯಜಮಾನನ ಅಪ್ಪಣೆ, ಕೊಳ್ಳುವವನೂ ಸಮಾಜದವನೇ ಆದ ವೃದ್ಧ. ವುಲ್ಮನ್ ಬರೆದುಕೊಟ್ಟನು. ಆದರೆ ದಾಸ್ಯವು ಕ್ರೈಸ್ತಧರ್ಮಕ್ಕೆ ಒಪ್ಪುವ ಆಚಾರವಲ್ಲವೆಂದು ತಾನು ನಂಬಿರುವುದಾಗಿ ಇಬ್ಬರ ಎದುರಿನಲ್ಲಿಯೂ ಹೇಳಿದನು. ಅಷ್ಟು ಹೇಳಿದ್ದರಿಂದ ಮನಸ್ಸಿಗೆ ಪೂರ್ಣ ಸಮಾಧಾನ ದೊರೆಯಲಿಲ್ಲ. ಮುಂದೊಮ್ಮೆ ಅಂಥದೇ ಕಾಗದವನ್ನು ಬರೆಯಬೇಕಾಗಿ ಬಂದಾಗ ಬರೆಯಲೊಲ್ಲೆನೆಂದನು. ೧೭೫೪ರಲ್ಲಿ ದಾಸ್ಯದ ವಿರುದ್ಧ ಪುಸ್ತಿಕೆಯನ್ನು ಪ್ರಕಟಿಸಿದನು. ಫಿಲಡೆಲ್ಫಿಯಾದ ವಾರ್ಷಿಕ ಸಭೆಯು ೧೭೫೮ರಲ್ಲಿ ದಾಸರ ಕ್ರಯವಿಕ್ರಯದಲ್ಲಿ ತೊಡಗುವ ಸದಸ್ಯರ ವಿರುದ್ಧ ನಿಲುವು ತಳೆಯುವಲ್ಲಿ ಆತನ ಪಾತ್ರ ದೊಡ್ಡದು. ಇದೆಲ್ಲದರ ಮೊದಲು ಇದ್ದುದು ಒಂದು ಲೇಖನಿ, ಒಂದು ಹಾಳೆ, ಒಂದು ಸಣ್ಣ ಅಸಮಾಧಾನ.

೩

ವ್ಯಾಪಾರವು ಆತನಿಗೆ ಕೈಹತ್ತಿತು. ಬೆಳೆಯುತ್ತ ಹೋದಂತೆಲ್ಲ ಅದು ಭಾರವೆನಿಸತೊಡಗಿತು. ಆತನು ವಾಸಿಸುತ್ತಿದ್ದ ಕಡೆ ಕಡವಾಗಿ ಮಾರುವುದೇ ರೂಢಿ. ಬಡವರು ಬೇಕಾದುದನ್ನೂ ಬೇಡವಾದುದನ್ನೂ ಕಡವಾಗಿ ಒಯ್ಯುವರು. ಗಡುವು ಬಂದಾಗ ಕೊಡಲಾರರು. ಸಾಲಿಗರು ನ್ಯಾಯಾಲಯಕ್ಕೆ ಎಳೆಯುವರು. ಇದನ್ನು ಮತ್ತೆ ಮತ್ತೆ ಕಂಡ ವುಲ್ಮನ್, ಬಡ ಗಿರಾಕಿಗಳಿಗೆ ಉಪಯುಕ್ತವೂ ಅಗ್ಗವೂ ಆದ ಸರಕನ್ನೇ ಕೊಳ್ಳಿರೆಂದು ಹೇಳತೊಡಗಿದನು. ಕೊನೆಗೆ ೧೭೫೬ರ ಸುಮಾರಿಗೆ ವ್ಯಾಪಾರವನ್ನು ಹಂತಹಂತವಾಗಿ ಕೈಬಿಟ್ಟು, ಹೊಲಿಗೆಯಿಂದಲೂ ಸೇಬಿನ ತೋಟದಿಂದಲೂ ಜೀವನ ಸಾಗಿಸಿದನು.

ಈ ಅನುಭವವು ವಿಚಾರವಾಗಿ ಮಾಗಿದುದು ‘ಬಡವರ ಪರವಾಗಿ ಒಂದು ಬಿನ್ನಹ’ ಎಂದು ನಾವು ಹೆಸರಿಸಬಹುದಾದ ಪ್ರಬಂಧದಲ್ಲಿ. ೧೭೬೩–೬೪ರ ಸುಮಾರಿನಲ್ಲಿ ರಚಿತವಾದ ಇದು ಆತನ ಜೀವಿತಕಾಲದಲ್ಲಿ ಪ್ರಕಟವಾಗದೆ, ೧೭೯೩ರಲ್ಲಿ ಡಬ್ಲಿನ್ನಿನಲ್ಲಿ ಅಚ್ಚಾಯಿತು. ಭಾಷೆ ಸರಳ, ಒಂದು ಅಲಂಕಾರವೂ ಇಲ್ಲ, ಆದರೆ ವಾದದ ಹೆಣಿಗೆ ಬಿಗಿಯಾದುದು. ಅದನ್ನು ನನ್ನ ಮಾತಿನಲ್ಲಿ ಸಂಗ್ರಹಿಸುವುದಾದರೆ ಹೀಗೆ: ಧನಿಕರು ಆಡಂಬರವನ್ನು ಬಯಸುವರು, ಆಡಂಬರದ ವಸ್ತುಗಳನ್ನು ತಯಾರಿಸಲು ಬಹುಮಂದಿ ದುಡಿಯಬೇಕಾಗುತ್ತದೆ, ಆದುದರಿಂದ ನಿಜವಾಗಿ ಬೇಕಾದ ಅನ್ನವಸ್ತ್ರಗಳನ್ನು ಉತ್ಪಾದಿಸುವ ಭಾರವೆಲ್ಲ ಕೆಲವರ ತಲೆಯ ಮೇಲೆ ಬೀಳುತ್ತದೆ, ಅವರೇ ಹೆಚ್ಚಿನ ಗೇಣಿಯನ್ನೂ ಹೆಚ್ಚಿನ ಬಡ್ಡಿಯನ್ನೂ ತೆರಬೇಕಾದವರು, ತೆರುವುದಕ್ಕಾಗಿ ತಮ್ಮ ಮೈಯನ್ನು ಮೀರಿ ದುಡಿಯುವರು, ತಮ್ಮ ಮೈಯಿಂದ ಸಾಲದುದನ್ನು ಎತ್ತು ಕುದುರೆಗಳ ಮೈಯಿಂದ ಹಿಂಡುವರು, ಅದರಿಂದಲೂ ಸಾಲದುದನ್ನು ಮಣ್ಣಿನಿಂದ ಹಿಂಡುವರು.

ಬಿಸಿಲಿನಲ್ಲಿ ದಣಿದ ಎತ್ತಿನ ಕಣ್ಣನ್ನೂ ಮೈಯ ಅಲುಗಾಟವನ್ನೂ ವುಲ್ಮನ್ ಗಮನಿಸಿದ್ದಾನೆ. ಕೆಸರಿನ ಏರಿನಲ್ಲಿ ಭಾರದ ಬಂಡಿಯನ್ನು ಎಳೆಸಲು ಚಾವಟಿಯೆತ್ತುವ ಗಾಡಿಯವನನ್ನೂ ಗಮನಿಸಿದ್ದಾನೆ. ಸಾಮಾನ್ಯ ನೀತಿಬೋಧಕನು ಇಲ್ಲಿ ಗಾಡಿಯವನನ್ನು ನಿಂದಿಸಿ, ದಯೆಯನ್ನು ಉಪದೇಶಿಸಿ ಮುಗಿಸುತ್ತಿದ್ದನು. ವುಲ್ಮನ್ ಗಾಡಿಯವನನ್ನು ದಾಟಿ ಮುಂದೆ ಹೋಗುತ್ತಾನೆ. ಚಾವಟಿಯ ಹಿಂದೆ ಗೇಣಿ, ಗೇಣಿಯ ಹಿಂದೆ ಒಡೆಯ, ಒಡೆಯನ ಹಿಂದೆ ಆತನ ಮನೆಯ ಕೆತ್ತನೆಯ ಪೀಠೋಪಕರಣ. ಪಶುವಿನ ನೋವಿಗೆ ಕಾರಣವು ಆ ಪಶುವನ್ನು ಎಂದೂ ಕಾಣದವನ ಬೈಠಕ್ಕಿನಲ್ಲಿ ಇರಬಹುದೆಂಬುದು ಆತನ ಶೋಧ. ಯುದ್ಧದ ಮೂಲವನ್ನೂ ಆತನು ಇದೇ ಬೈಠಕ್ಕಿನಲ್ಲಿ ಹುಡುಕಿದ್ದಾನೆ.

ಅದೇ ಪ್ರಬಂಧದಲ್ಲಿ ದ್ವೀಪವೊಂದರ ಕಲ್ಪಿತ ಕಥೆ ಬರುತ್ತದೆ. ಇಪ್ಪತ್ತು ಮಂದಿ ಸ್ವತಂತ್ರರು ಹೆಂಡಿರೊಡನೆ ಜನರಿಲ್ಲದ ದ್ವೀಪವನ್ನು ಸೇರಿ ಸಮಪಾಲಾಗಿ ಹಂಚಿಕೊಂಡು ಬಾಳುವರು. ಎಲ್ಲರೂ ತಮ್ಮ ಪಾಲನ್ನು ಮಕ್ಕಳ ಹಿತಕ್ಕೆ ತಕ್ಕಂತೆ ಬಿಟ್ಟುಹೋಗಲು, ಒಬ್ಬನು ಮಾತ್ರ ತನಗೆ ಪ್ರಿಯನಾದ ಒಬ್ಬ ಮಗನಿಗೆ ಜಮೀನಿನ ಬಹುಭಾಗವನ್ನು ಕ್ರಮಬದ್ಧವಾದ ಪತ್ರದ ಮೂಲಕ ಕೊಡುವನು. ಆ ಮಗನು ಒಡಹುಟ್ಟಿದವರಿಂದ ಗೇಣಿ ಎತ್ತುವನು. ಆ ಗೇಣಿಯಿಂದ ಕುಶಲಕರ್ಮಿಗಳನ್ನು ಸಾಕಿ ಅಲಂಕಾರದ ಮನೆ, ಗಾಡಿ, ಉಡುಪುಗಳನ್ನು ಮಾಡಿಸಿಕೊಳ್ಳುವನು. ತಲೆಮಾರುಗಳು ಹೀಗೆಯೇ ಸಾಗಲು ಉಳಿದವರ ಮಕ್ಕಳು ಕಷ್ಟದಲ್ಲಿ ಬೀಳುವರು. ಪತ್ರದಲ್ಲಿ ಕಾನೂನಿನ ದೋಷವೇನೂ ಇಲ್ಲ. ಸಾಕ್ಷಿಗಳ ಸಹಿಯೂ ಉಂಟು. ಆದರೂ ಭೂಮಿಯ ನಿಜವಾದ ಒಡೆಯನು ಅದನ್ನು ಸೃಷ್ಟಿಸಿದವನಾಗಿರಲು, ಉಳಿದವರ ಹೊಟ್ಟೆಗೆ ಕುತ್ತು ತರುವ ಹಕ್ಕನ್ನು ಯಾವ ಪತ್ರವು ತಾನೇ ಕೊಡಬಲ್ಲುದು ಎಂಬುದು ವುಲ್ಮನ್ನನ ಪ್ರಶ್ನೆ. ಜೀವಮಾನವೆಲ್ಲ ಇತರರ ಪತ್ರಗಳನ್ನು ಬರೆದುಕೊಟ್ಟವನು ಕೇಳುವ ಪ್ರಶ್ನೆಯಿದು. ಅದರ ತೂಕವೇ ಬೇರೆ.

ಈಗ ಮೊದಲು ಹೇಳಿದ ಆ ಪ್ರಸಿದ್ಧ ವಿಚಾರಕ್ಕೆ ಬರೋಣ. ಮಣ್ಣನ್ನು ಬಡವಾಗಿಸುವುದು ಮುಂದಿನವರಿಗೆ ಅನ್ಯಾಯವೆಂಬ ಮಾತು ಆತನ ಬಾಳಿನ ಕೊನೆಯ ವರ್ಷವಾದ ೧೭೭೨ರಲ್ಲಿ ಬರೆದ ಸಂವಾದಗಳಲ್ಲಿ ಬರುತ್ತದೆ. ಅವು ಧ್ಯಾನದ ಬರಹಗಳಲ್ಲ. ಒಂದರಲ್ಲಿ ಕೂಲಿಕಾರನೊಬ್ಬನು ಹಣವಂತನಾದ ನೆರೆಯವನೊಡನೆ ಮಾತನಾಡುತ್ತಾನೆ. ನೀನು ನೂರಕ್ಕೆ ಏಳರಂತೆ ಬಡ್ಡಿ ಪಡೆದು ಮೈಬಗ್ಗಿಸದೆ ಬಾಳುತ್ತಿರುವೆ. ನಾವು ಸಂಸಾರ ಸಾಕಲು ಶಕ್ತಿ ಮೀರಿ ದುಡಿಯುತ್ತಿದ್ದೇವೆ. ಇನ್ನೂ ಕಡಿಮೆ ಬಡ್ಡಿಯಲ್ಲಿ ನಿನ್ನ ಸಂಸಾರ ಸುಖವಾಗಿ ನಡೆಯಲಾರದೇ ಎಂಬುದು ಆ ಮಾತಿನ ಸಾರಾಂಶ. ಇನ್ನೊಂದರಲ್ಲಿ ಕೂಲಿಕಾರನು ಮಿತವ್ಯಯಿಯಾದ ಭೂಮಾಲಿಕನೊಡನೆ ಕಾಳಿನ ವಿಷಯ ಮಾತನಾಡುತ್ತಾನೆ; ಊರಿನ ಧಾನ್ಯವನ್ನು ಹಡಗಿಗೇರಿಸಿ ಪರದೇಶದ ಮದ್ಯವನ್ನೂ ಶೋಕಿಯ ಸರಕನ್ನೂ ತರಿಸಿಕೊಳ್ಳುವ ವ್ಯಾಪಾರದಿಂದ, ಬೆಳೆದವನ ಮನೆಯಲ್ಲಿಯೇ ಕಾಳಿಗೂ ದನದ ಮೇವಿಗೂ ಅಭಾವವೆಂಬ ದೂರು ಅಲ್ಲಿಯದು. ಇಂದಿನ ಕ್ವೇಕರ್ ಬರಹಗಾರರು ಮಣ್ಣಿನ ಮಾತನ್ನು ಈ ಸಂವಾದಗಳಿಂದ ಬಿಡಿಸಿ ತೆಗೆದು ಸುಭಾಷಿತದಂತೆ ಉಲ್ಲೇಖಿಸುತ್ತಾರೆ. ಬಿಡಿಸಿ ತೆಗೆದಾಗ ಅದು ಎಲ್ಲರೂ ತಲೆಯಾಡಿಸಬಹುದಾದ ಮಾತಾಗುತ್ತದೆ. ಅದರ ಸ್ಥಾನದಲ್ಲಿ ಇಟ್ಟು ಓದಿದರೆ ಅದೊಂದು ಲೆಕ್ಕದ ಕೊನೆಯ ಸಾಲು. ಮೇಲಿನ ಸಾಲುಗಳಲ್ಲಿ ನೂರಕ್ಕೆ ಏಳರ ಬಡ್ಡಿಯೂ ಹಡಗಿನ ಧಾನ್ಯವೂ ಓದುಗನ ಮನೆಯ ಖರ್ಚೂ ಬರೆದಿವೆ. ಅಂಥ ಮಾತಿಗೆ ತಲೆಯಾಡಿಸುವುದು ಅಷ್ಟು ಸುಲಭವಲ್ಲ.

೪

ವಿಚಾರವು ಇಷ್ಟಕ್ಕೇ ನಿಂತಿದ್ದರೆ ವುಲ್ಮನ್ನನನ್ನು ಅರ್ಥಶಾಸ್ತ್ರದ ಚರಿತ್ರೆಯಲ್ಲಿ ಓದಬಹುದಾಗಿತ್ತು. ಸಾಧನೆಯೆಂಬ ಮಾತು ಸಲ್ಲುವುದು ಆತನು ಆ ಲೆಕ್ಕವನ್ನು ತನ್ನ ಮೈಮೇಲೆ ತಂದುಕೊಂಡುದರಿಂದ. ಬಣ್ಣ ಹಾಕಿದ ಬಟ್ಟೆಯನ್ನು ಆತನು ಬಿಟ್ಟನು. ಬಣ್ಣವು ನೂಲಿನ ಬಾಳಿಕೆಯನ್ನು ತಗ್ಗಿಸುವುದಲ್ಲದೆ ಕೊಳೆಯನ್ನು ಮುಚ್ಚಿಡುತ್ತದೆಂದೂ, ಮುಚ್ಚಿಡುವುದಕ್ಕಿಂತ ಒಗೆಯುವುದು ಲೇಸೆಂದೂ ಆತನ ವಾದ. ೧೭೬೨ರಲ್ಲಿ ರೋಮದ ಸಹಜ ವರ್ಣದ ಟೋಪಿಯನ್ನು ಹಾಕಿಕೊಂಡು ಸಭೆಗೆ ಬಂದಾಗ ಮಿತ್ರರಲ್ಲಿಯೇ ಕೆಲವರು ಇದು ಶೋಕಿಯೆಂದು ಸಂದೇಹಪಟ್ಟರು. ಕಾಯಿಲೆಯಿಂದ ಸಾವಿನ ಅಂಚಿಗೆ ಹೋಗಿದ್ದಾಗ ಕಂಡ ದರ್ಶನವೊಂದರಲ್ಲಿ, ಕ್ರೈಸ್ತರೆನಿಸಿಕೊಂಡವರಿಗಾಗಿ ಗಣಿಗಳಲ್ಲಿ ಸಂಪತ್ತನ್ನು ತೋಡುತ್ತ ಕ್ರಿಸ್ತನ ಹೆಸರನ್ನೇ ಶಪಿಸುತ್ತಿದ್ದ ದಲಿತ ಜನರನ್ನು ಕಂಡನು. ಅನಂತರ ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣಲು ಕುಡಿಯಲು ಆತನ ಮನಸ್ಸು ಒಪ್ಪಲಿಲ್ಲ.

೧೭೭೨ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿಗೆ ಹೊರಟಾಗ ಹಡಗಿನ ಕೋಣೆಯ ಹೊರಮೈಯಲ್ಲಿದ್ದ ವ್ಯರ್ಥವಾದ ಕೆತ್ತನೆಯನ್ನು ಕಂಡು, ಅದರ ಬೆಲೆಯಲ್ಲಿ ತಾನು ಪಾಲುಗೊಳ್ಳಲಾರೆನೆಂದು ನಾವಿಕರ ಜೊತೆಗೆ ಕೆಳಗಿನ ಇಕ್ಕಟ್ಟಿನಲ್ಲಿ ವಾಸಮಾಡಿದನು. ಅಲ್ಲಿ ಆತನು ಗಮನಿಸಿದುವುಗಳಲ್ಲಿ ಆಹಾರಕ್ಕೆಂದು ಒಯ್ಯುತ್ತಿದ್ದ ಕೋಳಿಗಳೂ ಸೇರಿವೆ. ನದಿಯಲ್ಲಿ ಇಳಿದು ಬರುವಾಗ ಕೂಗುತ್ತಿದ್ದ ಹುಂಜ ಸಮುದ್ರದಲ್ಲಿ ಮೂಕವಾಯಿತು. ಇಂಗ್ಲೆಂಡಿನ ದಡ ಸಮೀಪಿಸಿದ ಮೇಲೆ ಮತ್ತೆ ಕೂಗಿತು. ಇಡೀ ಗ್ರಂಥದಲ್ಲಿ ನನಗೆ ಮರೆಯಲಾಗದ ವಿವರ ಇದೊಂದು. ಇಂಗ್ಲೆಂಡಿನಲ್ಲಿ ಗಡಿಯಾರದೊಡನೆ ಸ್ಪರ್ಧೆ ಹೂಡಿ ಓಡುವ ಟಪ್ಪೆಗಾಡಿಗಳಿಗಾಗಿ ಕುದುರೆಗಳು ಸಾಯುವುದನ್ನೂ, ಸವಾರಿಯ ಹುಡುಗರು ಚಳಿಯಲ್ಲಿ ನವೆಯುವುದನ್ನೂ ಕೇಳಿ, ಗಾಡಿಯನ್ನು ಏರದೆ ನಡೆದೇ ಉತ್ತರಕ್ಕೆ ಹೋದನು. ತನಗೆ ಆ ಟಪ್ಪೆಯಲ್ಲಿ ಕಾಗದವನ್ನೂ ಬರೆಯಬೇಡಿರೆಂದನು. ಬಣ್ಣದ ಕಾರ್ಖಾನೆಗಳ ಕೊಚ್ಚೆ ಹರಿಯುವ ಊರುಗಳ ದುರ್ನಾತವನ್ನೂ ಆತನು ಬರೆದಿಟ್ಟಿದ್ದಾನೆ. ಅದೇ ವರ್ಷ ಅಕ್ಟೋಬರ್ ೭ರಂದು ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡನು.

ಇದು ಅತಿಯಲ್ಲವೇ ಎಂದು ವಾಚಕರು ಕೇಳಬಹುದು. ಒಬ್ಬನು ಗಾಡಿ ಏರದಿದ್ದರೆ ಯಾವ ಕುದುರೆಯ ಪ್ರಾಣ ಉಳಿಯಿತು? ಪ್ರಶ್ನೆ ನ್ಯಾಯವಾದುದೇ, ಆತನ ಆಚಾರಗಳಲ್ಲಿ ಕೆಲವು ವಿಚಿತ್ರವಾಗಿ ತೋರುವುದೂ ನಿಜ. ಆದರೆ ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದು, ಆತನು ಇವುಗಳನ್ನು ಯಾರಿಗೂ ನಿಯಮವಾಗಿ ವಿಧಿಸಲಿಲ್ಲ. ಹೆಜ್ಜೆ ಮುಂದಿಡುವ ಮೊದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುತ್ತಿದ್ದನು. ದೂರಪ್ರಯಾಣದ ಸಂಕಲ್ಪವನ್ನು ಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯುತ್ತಿದ್ದನು. ಮೌನವು ಇಲ್ಲಿ ಲೋಕದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲ. ಲೋಕದಲ್ಲಿ ತನ್ನ ಪಾಲೆಷ್ಟೆಂದು ತೂಗಿನೋಡುವ ತಕ್ಕಡಿ. ಎರಡನೆಯದು, ಸರಪಳಿಯ ಕೊಂಡಿಯೊಂದು ತನ್ನ ಕೈಯಲ್ಲಿದೆಯೆಂದು ಕಂಡವನಿಗೆ ಕೈಬಿಡುವುದರ ಫಲವೆಷ್ಟೆಂಬುದು ಎರಡನೆಯ ಪ್ರಶ್ನೆ. ದಾಸ್ಯದ ವಿಷಯದಲ್ಲಿ ಒಬ್ಬನ ಹಿಂಜರಿಕೆ ಹದಿನೈದು ವರ್ಷಗಳೊಳಗೆ ಒಂದು ಸಮಾಜದ ನಿರ್ಣಯವಾಯಿತು. ಕುದುರೆಯ ವಿಷಯದಲ್ಲಿ ಆಗಲಿಲ್ಲ. ಯಾವುದು ಫಲಿಸುವುದೆಂದು ಮೊದಲೇ ತಿಳಿಯುವ ಮಾರ್ಗವಿರಲಿಲ್ಲ.

೫

ಹೀಗಿರಲು, ಭೂಮಿಯ ಪಾಲನೆಯು ಆರಂಭದಿಂದಲೂ ಕ್ವೇಕರರ ಸಹಜಧರ್ಮವೆಂಬ ಮಾತನ್ನು ಒಪ್ಪಬಹುದೇ? ಚರಿತ್ರೆ ಅಷ್ಟು ನೇರವಾಗಿಲ್ಲ. ವಿಲಿಯಂ ಪೆನ್ ೧೬೮೧ರಲ್ಲಿ ಪೆನ್ಸಿಲ್ವೇನಿಯಾದ ನಿವೇಶನಗಾರರಿಗೆ ವಿಧಿಸಿದ ಷರತ್ತುಗಳಲ್ಲಿ, ಐದು ಎಕರೆ ಕಾಡು ಕಡಿದವನು ಒಂದು ಎಕರೆಯನ್ನು ಮರಗಳಿಗೆ ಬಿಡಬೇಕೆಂಬುದೂ ಒಂದು. ಸ್ತುತ್ಯವಾದ ಷರತ್ತೇ, ಆದರೆ ಅದರಲ್ಲಿ ಹೆಸರಿಸಿದ ಓಕ್ ಮರ ಹಡಗಿಗೆ, ಹಿಪ್ಪುನೇರಳೆ ರೇಷ್ಮೆಗೆ. ಅದು ದೂರದೃಷ್ಟಿಯ ಒಡೆತನ. ೧೭೦೯ರಲ್ಲಿ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಕಲ್ಲಿದ್ದಲ ಕೋಕಿನಿಂದ ಕಬ್ಬಿಣವನ್ನು ಕರಗಿಸಿ, ಮುಂದಿನ ಯಂತ್ರಯುಗಕ್ಕೆ ದಾರಿ ಮಾಡಿದ ಏಬ್ರಹಾಂ ಡಾರ್ಬಿ ಕ್ವೇಕರನು. ಇಂದು ಯಾವ ಇಂಗಾಲವನ್ನು ತಗ್ಗಿಸಲು ಕ್ಯಾಂಟರ್ಬರಿಯಲ್ಲಿ ನಿರ್ಣಯವಾಯಿತೋ ಆ ಇಂಗಾಲದ ಕಥೆಯ ಮೊದಲ ಅಧ್ಯಾಯಗಳಲ್ಲಿ ಆ ಸಮಾಜದವರ ಹೆಸರೇ ಇದೆ. ಲಂಡನ್ನಿನ ಬಾರ್ಕ್ಲೇಸ್, ಬರ್ಮಿಂಗ್‌ಹ್ಯಾಮಿನ ಲಾಯ್ಡ್ಸ್ ಬ್ಯಾಂಕುಗಳ ಮೂಲಪುರುಷರೂ ಕ್ವೇಕರರೇ. ಸುಳ್ಳಾಡದ ವ್ಯಾಪಾರಿಯಲ್ಲಿ ಜನ ಹಣವಿಟ್ಟರು, ಪ್ರಾಮಾಣಿಕತೆಯೇ ಬಂಡವಾಳವಾಯಿತು. ವುಲ್ಮನ್ನನು ವಾದಿಸುತ್ತಿದ್ದುದು ಹೊರಗಿನ ಲೋಕದೊಡನೆ ಅಲ್ಲ. ತನ್ನ ಸಭೆಯಲ್ಲಿ ತನ್ನ ಪಕ್ಕದಲ್ಲಿಯೇ ಕುಳಿತ ಶ್ರೀಮಂತರೊಡನೆ. ಆ ವಾದದಲ್ಲಿ ಆತನು ಗೆದ್ದನೆಂದು ಹೇಳಲಾಗದು.

ಆದರೂ ಆ ವಾದ ಅಳಿಯಲಿಲ್ಲವೆಂಬುದಕ್ಕೆ ನಮ್ಮ ಕಾಲದ ಎರಡು ನಿದರ್ಶನಗಳು ಸಾಕು. ಒಂದು ಅಮೆರಿಕದ್ದು. ಆಪಲಾಚಿಯಾ ಪ್ರದೇಶದಲ್ಲಿ ಬೆಟ್ಟಗಳ ತಲೆಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುವ ಕಂಪನಿಗಳಿಗೆ ಪಿ.ಎನ್.ಸಿ. ಬ್ಯಾಂಕು ಸಾಲ ಕೊಡುತ್ತಿತ್ತು. ೧೮೬೫ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು ಸ್ಥಾಪಿಸಿದ ಪ್ರಾವಿಡೆಂಟ್ ಸಂಸ್ಥೆಯು ಕಾಲಕ್ರಮದಲ್ಲಿ ಸೇರಿಹೋದ ಬ್ಯಾಂಕು ಅದು. ‘ಅರ್ತ್ ಕ್ವೇಕರ್ ಆಕ್ಷನ್ ಟೀಮ್’ ಎಂಬ ಗುಂಪಿನವರು ಅದರ ಶಾಖೆಗಳಲ್ಲಿ ಮೌನವಾಗಿ ಕುಳಿತು ಪ್ರಾರ್ಥಿಸಿದರು. ೨೦೧೨ರಲ್ಲಿ ಅದರ ಕೇಂದ್ರ ಕಚೇರಿಯಿದ್ದ ಪಿಟ್ಸ್‌ಬರ್ಗ್‌ಗೆ ಸುಮಾರು ೨೦೦ ಮೈಲಿ ನಡೆದು ಹೋದರು. ೨೦೧೫ರಲ್ಲಿ ಬ್ಯಾಂಕು ಆ ಬಗೆಯ ಗಣಿಗಾರಿಕೆಗೆ ಕೊಡುವ ಸಾಲವನ್ನು ಕಡಿತಗೊಳಿಸುವ ನೀತಿಯನ್ನು ಪ್ರಕಟಿಸಿತು. ಬೆಟ್ಟವನ್ನು ಉಳಿಸಲು ಬೆಟ್ಟಕ್ಕೆ ಹೋಗದೆ ಸಾಲ ಮಂಜೂರಾಗುವ ಮೇಜಿನ ಬಳಿಗೆ ಹೋದುದು ವುಲ್ಮನ್ನನ ಪಾಠವನ್ನು ಸರಿಯಾಗಿ ಓದಿದವರ ಕೆಲಸ.

ಇನ್ನೊಂದು ನಮ್ಮ ದೇಶದ್ದು. ಮಧ್ಯಪ್ರದೇಶದ ಹೋಶಂಗಾಬಾದ್ (ಇಂದಿನ ನರ್ಮದಾಪುರಂ) ಬಳಿಯ ರಸೂಲಿಯಾದಲ್ಲಿರುವ ಮಿತ್ರ ಸಮಾಜದ ಗ್ರಾಮಕೇಂದ್ರವು ಹಸಿರು ಕ್ರಾಂತಿಯ ಮಾರ್ಗದಲ್ಲಿಯೇ ನಡೆದಿತ್ತು. ೧೯೭೦ರ ದಶಕದ ಕೊನೆಯಲ್ಲಿ ಪ್ರತಾಪ ಅಗರವಾಲರ ಹೊಣೆಯಲ್ಲಿ ಅದು ರಾಸಾಯನಿಕ ಗೊಬ್ಬರವನ್ನೂ ಉಳುಮೆಯನ್ನೂ ಕೈಬಿಟ್ಟು, ಜಪಾನಿನ ಫುಕುವೊಕಾನ ಕ್ರಮಕ್ಕೆ ಹತ್ತಿರವಾದ ‘ಋಷಿ ಖೇತಿ’ಯನ್ನು ಕೈಗೊಂಡಿತು. ಅಲ್ಲಿಯೂ ಮೊದಲ ಪ್ರಶ್ನೆ ಇಳುವರಿಯದಲ್ಲ. ಹೊರಗಿನಿಂದ ಕೊಂಡು ತರಬೇಕಾದುದು ಎಷ್ಟು, ಎಷ್ಟರಿಂದ ನಮಗೆ ಸಾಕು ಎಂಬುದು.

೬

‘ಸಾಕು’ ಎಂಬ ಮಾತು ಬಂದೊಡನೆ ಕನ್ನಡ ವಾಚಕರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾ‌ಗದಿರದು. ಗಂಡ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಈ ಆಸೆ ನಮಗೇಕೆಂದು ಆಕೆ ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ನಮಗೆಲ್ಲ ಪರಿಚಿತ. ವುಲ್ಮನ್ನನ ಸರಳತೆಯನ್ನು ಇದರೊಡನೆ ಸಮೀಕರಿಸಿ ತೃಪ್ತಿಪಡುವುದು ಸುಲಭ. ಆದರೆ ವ್ಯತ್ಯಾಸವೂ ಗಮನಾರ್ಹ. ಲಕ್ಕಮ್ಮನ ಕಣ್ಣ ಮುಂದೆ ಹೆಚ್ಚಿನ ಅಕ್ಕಿ ರಾಶಿಯಾಗಿ ಇತ್ತು. ವುಲ್ಮನ್ನನ ಹೆಚ್ಚಳ ಕಣ್ಣಿಗೆ ಕಾಣುವುದಲ್ಲ. ಬಟ್ಟೆಯ ಬಣ್ಣದಲ್ಲಿ, ಹಡಗಿನ ಕೆತ್ತನೆಯಲ್ಲಿ, ನೂರಕ್ಕೆ ಏಳರ ಬಡ್ಡಿಯಲ್ಲಿ ಅಡಗಿ ಕುಳಿತುದು. ವ್ಯಾಪಾರವು ಸಮುದ್ರವನ್ನು ದಾಟಿದ ಮೇಲೆ ‘ಸಾಕು’ ಎನ್ನುವುದಕ್ಕೆ ಸಂತೃಪ್ತಿಯೊಂದೇ ಸಾಲದು, ಅನ್ವೇಷಣೆಯೂ ಬೇಕೆಂಬುದನ್ನು ಆತನು ತೋರಿಸಿದನು.

ಆತನ ಮಿತಿಗಳನ್ನೂ ಮರೆಯಲಾಗದು. ಭೂಮಿಗೆ ಮನುಷ್ಯನಿಂದ ಬೇರೆಯಾದ ಒಂದು ಬೆಲೆಯುಂಟೆಂಬ ವಿಚಾರ ಆತನಲ್ಲಿ ಬೆಳೆದಿಲ್ಲ. ಕಾಡು ಆತನಿಗೆ ಬಹುಮಟ್ಟಿಗೆ ದಾರಿಯಷ್ಟೆ. ಮೂಲನಿವಾಸಿಗಳು ಕಡಲತೀರದ ಫಲವತ್ತಾದ ನೆಲದಿಂದ ಹಿಂದೆ ಹಿಂದೆ ತಳ್ಳಲ್ಪಟ್ಟುದನ್ನು ೧೭೬೩ರ ಪ್ರಯಾಣದಲ್ಲಿ ನೋವಿನಿಂದ ನೆನೆದವನು, ತನ್ನ ಸೇಬಿನ ತೋಟ ನಿಂತಿದ್ದ ನೆಲವೂ ಅವರದೇ ಆಗಿದ್ದಿತೆಂಬ ಮಾತಿಗೆ ಬಂದು ನಿಲ್ಲುವುದಿಲ್ಲ. ದ್ವೀಪದ ಕಥೆಯಲ್ಲಿಯೂ ದ್ವೀಪ ಮೊದಲು ನಿರ್ಜನವಾಗಿತ್ತಷ್ಟೆ! ಲೆಕ್ಕದ ಈ ಸಾಲನ್ನು ಆತನು ತೆರೆದು, ಮೊತ್ತ ಹಾಕದೆ ಬಿಟ್ಟನು.

ಈ ವಿಮರ್ಶೆಯನ್ನು ಬರೆಯುತ್ತಿರುವವನು ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ. ಗ್ರಾಮಾಂತರ ಶಾಖೆಗಳಲ್ಲಿದ್ದಾಗ ಕೊಳವೆಬಾವಿಗಳಿಗೆ ಸಾಲ ಮಂಜೂರು ಮಾಡಿದ ಕಾಗದಗಳಿಗೆ ನಾನೂ ಸಹಿ ಹಾಕಿದ್ದೇನೆ. ಆದಾಯವೆಷ್ಟು, ಜಾಮೀನೇನು, ಕಂತು ತೀರುವುದೆಂದಿಗೆ ಎಂದು ತಪ್ಪದೆ ಕೇಳಿದ್ದೇನೆ. ಈ ಬಾವಿಯಿಂದ ನೆರೆಯವನ ಬಾವಿಯಲ್ಲಿ ನೀರೆಷ್ಟು ಇಳಿದೀತೆಂದು ಕೇಳಿದ್ದು ಅಪರೂಪ. ಕಂತು ಕಟ್ಟುವುದಕ್ಕಾಗಿಯೇ ರೈತನು ಹೆಚ್ಚು ನೀರು ಬೇಡುವ ಬೆಳೆಗೆ ತಿರುಗಿದುದನ್ನು ಕಂಡಾಗ, ಬೆಳೆಯ ಆಯ್ಕೆ ಆತನದೆಂದು ಸಮಾಧಾನ ತಂದುಕೊಂಡಿದ್ದೇನೆ. ವುಲ್ಮನ್ನನ ಸಂವಾದವನ್ನು ಮೊದಲ ಬಾರಿಗೆ ಓದಿದಾಗ ನೂರಕ್ಕೆ ಏಳೆಂಬ ಅಂಕೆಯ ಮುಂದೆ ಬಹಳ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಊರನ್ನು ಬಿಟ್ಟು ಬಂದು ನಗರಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಭೂಮಿಯೆಂದರೆ ಹಿಂದೆ ಉಳಿದ ಹೊಲದ ನೆನಪು, ಅಥವಾ ಅದನ್ನು ನೋಡಿಕೊಳ್ಳುವವರು ವರ್ಷಕ್ಕೊಮ್ಮೆ ಕಳುಹಿಸುವ ಹಣ. ಮಣ್ಣನ್ನು ಮುಟ್ಟದವರಿಗೆ ಮಣ್ಣಿನ ಹೊಣೆಯೆಲ್ಲಿಯದೆಂದು ಎನ್ನಿಸುವುದು ಸಹಜ. ಜಾನ್ ವುಲ್ಮನ್ನನನ್ನು ಓದಬೇಕಾಗಿರುವುದು ಮುಖ್ಯವಾಗಿ ಇಂಥ ನಾವೇ. ಭೂಮಿಯ ಪಾಲನೆ ಉಳುವವನಿಂದ ಆರಂಭವಾಗಬೇಕಾಗಿಲ್ಲ, ಬರೆಯುವವನಿಂದಲೂ ಆರಂಭವಾಗಬಹುದು. ಲೇಖನಿಯನ್ನು ಎತ್ತಿದ ಮೇಲೆ, ಸಹಿ ಬೀಳುವ ಮೊದಲು, ನಡುವೆ ಇರುವ ಆ ಸ್ವಲ್ಪ ಮೌನದಲ್ಲಿ ಆತನು ತನ್ನ ಧರ್ಮವನ್ನು ಕಂಡುಕೊಂಡನು.